ಒಳಗ ಸವದದ್ದು ಯಾರಿಗಿ ಕಾಣತೈತ್ರೀ?

163 ಮಿಲಿಮೀಟರು. 2018ರಲ್ಲಿ ಬಂದ ಸ್ವಿಫ್ಟ್ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಮಾರುತಿ ಕಂಪನಿ ಬಿಟ್ಟ ಜಾಗ ಇಷ್ಟು. ಕಂಪನಿಯ ಇಂಜಿನಿಯರುಗಳೇನು ನಮ್ಮ ಕಡೆಯ ಯಳವಿ ಊರಿಗೆ ಬಂದು, ಚಹಾ ಕುಡಿದು, ರಸ್ತೆ ಅಳೆದು ಹೋದವರಲ್ಲ. ಆದರೂ ಮಹಾರಾಷ್ಟ್ರದ ಗಡಿಯಂಚಿನ ಜತ್ ತಾಲ್ಲೂಕಿನಂಥ ಒಂದು ಸೀಮೆ ಇದ್ದೀತು, ಅಲ್ಲೊಬ್ಬ ದಾಳಿಂಬೆ ತೋಟದವ ಹಳ್ಳ ದಾಟಿಸಿ ಬಂಡಿಜಾಡಿನಲ್ಲಿ ಕಾರು ಹೊಡೆದಾನು, ಮನೆಮಂದಿಯನ್ನೆಲ್ಲ ತುಂಬಿಕೊಂಡು ಗುಡ್ಡಾಪುರದ ದಾನಮ್ಮನ ಅಮಾವಾಸ್ಯೆಗೆ ಹೊರಟಾನು ಎಂದು ಊಹಿಸುವಷ್ಟು ಬುದ್ಧಿ ಅವರಿಗಿತ್ತು.

ಈ ಬುದ್ಧಿಯೇ ನಮ್ಮ ಹುಡುಗರಿಗೆ ಸೇರಲಿಲ್ಲ. ಕಾರು ಮನೆಗೆ ಬಂದ ಮೊದಲ ತಿಂಗಳಲ್ಲೇ ಅವರ ಕಣ್ಣಿಗೆ ಬಿದ್ದದ್ದು ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಖಾಲಿ ಜಾಗ. ನಾಲ್ಕು ಬೆರಳು ಸಲೀಸಾಗಿ ಹಾಯುತ್ತವೆ! ಹೊಲದಲ್ಲಿ ಬೆಳೆ ಒಣಗಿದ್ದು ಕಾಣದವನಿಗೂ ಈ ನಾಲ್ಕು ಬೆರಳಿನ ಬಯಲು ದೂರದಿಂದಲೇ ಕಾಣುತ್ತದೆ.

"ಗಾಡಿ ಡೌನ್ ಮಾಡಸಬೇಕ್ರೀ. ಇಲ್ಲಂದ್ರ ಲುಕ್ ಬರಂಗಿಲ್ಲ."

ಡೌನ್ ಮಾಡಿಸಲು ದಾರಿ ಎರಡು. ಗಿಡ್ಡ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರು ತರಿಸಿ, ಬಲ್ಲವರ ಕೈಲಿ ಕೂಡಿಸುವುದು ಒಂದು. ಇದಕ್ಕೆ ದುಡ್ಡು ಬೇಕು, ತಾಳ್ಮೆ ಬೇಕು. ಇನ್ನೊಂದು ದಾರಿಗೆ ಗ್ರೈಂಡರ್ ಸಾಕು. ಕಂಪನಿಯ ಸ್ಪ್ರಿಂಗನ್ನೇ ಬಿಚ್ಚಿ, ಒಂದೂವರೆ ಸುತ್ತು ಕೊಯ್ದು, ಮತ್ತೆ ತುರುಕಿದರೆ ಊಟದ ಹೊತ್ತಿಗೆ ಗಾಡಿ ಎರಡಿಂಚು ಕೆಳಗೆ. ಕೊಯ್ದ ಸ್ಪ್ರಿಂಗು ಮೆತ್ತಗಾಗುವುದಿಲ್ಲ. ಸುತ್ತು ಕಡಿಮೆಯಾದಷ್ಟೂ ಗಟ್ಟಿಯಾಗುತ್ತದೆ. ಶಾಕ್ ಅಬ್ಸಾರ್ಬರು ಮಾತ್ರ ಹಳೆಯದೇ. ಅದರ ದಂಡ ಆಗಲೇ ಅರ್ಧ ಒಳಗೆ ಇಳಿದು ಕೂತಿರುತ್ತದೆ. ಸಣ್ಣ ಗುಂಡಿಗೂ ತಡೆಯ ರಬ್ಬರಿಗೆ ಹೋಗಿ ಗುದ್ದುತ್ತದೆ. ಜಾಕ್ ಹಚ್ಚಿ ಎತ್ತಿದರೆ ಸ್ಪ್ರಿಂಗು ತನ್ನ ತಟ್ಟೆ ಬಿಟ್ಟು ಲೊಳಲೊಳ ಆಡುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಅಜ್ಜಿ ಇದನ್ನೆಲ್ಲ ಯಾವ ಇಂಜಿನಿಯರಿಂಗ್ ಓದದೆಯೂ ಬೆನ್ನಿನಿಂದಲೇ ತಿಳಿಯುತ್ತಾಳೆ. ಅವಳ ಮಾತನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಹೊರಗೆ ನಿಂತು ನೋಡುವವರಿಗೆ ಗಾಡಿ 'ಲಯ್ ಭಾರಿ' ಕಾಣುತ್ತಿದೆ.

ಹೆದ್ದಾರಿಯ ಬದಿಗೆ ನಿಲ್ಲಿಸಿ ಫೋಟೊ ಹೊಡೆಸುತ್ತಾರೆ. ಹಿಂದಿನ ಗಾಜಿನ ಮೇಲೆ 'ನಾದ ಖುಳಾ' ಎಂಬ ಮರಾಠಿ ಬರಹ. ಮೊದಲು 4141 ನಂಬರನ್ನು ಮರಾಠಿ ಅಕ್ಷರಗಳಂತೆ ತಿರುಚಿ ಬರೆಸಿ 'ದಾದಾ' ಎಂದು ಓದಿಸುತ್ತಿದ್ದರು. ಎಚ್‌ಎಸ್‌ಆರ್‌ಪಿ ಫಲಕ ಬಂದ ಮೇಲೆ ಅಂಕಿಗಳು ಅಂಕಿಗಳಾಗಿಯೇ ಉಳಿದವು. ದಾದಾ ಗಾಜಿಗೆ ವರ್ಗವಾದ.

ಕೆಲವೇ ಸಾವಿರ ಕಿಲೋಮೀಟರು ಓಡಿರುತ್ತದೆ, ಗಾಡಿ ಒಂದು ದಿನ ಜತ್ ಪೇಟೆಯಲ್ಲಿ ಪಂಕ್ಚರ್. ಟೈರು ಬಿಚ್ಚಿದ ಹುಡುಗ ಅದನ್ನು ತಿರುವಿ ಒಳಮಗ್ಗುಲು ತೋರಿಸುತ್ತಾನೆ. ಹೊರಗಿನ ಅಂಚು ಹೊಸದು. ನಡುವಿನ ಗೀರುಗಳಲ್ಲಿ ಇನ್ನೂ ಐದು ಮಿಲಿಮೀಟರು ಆಳ. ಒಳಗಿನ ಅಂಚಿನಲ್ಲಿ ಎರಡು ಬೆರಳಿನಗಲ ರಬ್ಬರೇ ಇಲ್ಲ, ತಂತಿ ಎದ್ದು ನಿಂತಿದೆ. ಕೈಯಾಡಿಸಿದರೆ ರಕ್ತ ಬರುತ್ತದೆ.

"ಟೈರ್ ಕಂಪನಿ ಬೋಗಸ್ ಐತ್ರೀ" ಎಂಬುದು ಮಾಲೀಕನ ಮೊದಲ ತೀರ್ಪು. ಬೇರೆ ಕಂಪನಿಯದು ಹಾಕಿಸುತ್ತಾನೆ. ಅದೂ ಅಲ್ಲೇ ಸವೆಯುತ್ತದೆ. ಆಗ ತೀರ್ಪು ರಸ್ತೆಯ ಮೇಲೆ ಬೀಳುತ್ತದೆ. ನಮ್ಮ ಕಡೆ ಇದರಲ್ಲೊಂದು ಅನುಕೂಲವಿದೆ: ಬೈಯುವುದಕ್ಕೆ ಎರಡು ರಾಜ್ಯಗಳಿವೆ. ಗುಹಾಗರದಿಂದ ಕರಾಡ, ವಿಟಾ, ಜತ್ ಹಾದು ವಿಜಯಪುರ ಮುಟ್ಟುವ 166ಇ ಹೆದ್ದಾರಿಯಲ್ಲಿ ಎಂಎಚ್-10 ಗಾಡಿಯವನಿಗೆ ಗಡಿಯಾಚೆಯ ಡಾಂಬರು ಕೆಟ್ಟದ್ದು, ಕೆಎ-28 ಗಾಡಿಯವನಿಗೆ ಈಚೆಯದು ಕೆಟ್ಟದ್ದು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಜತ್ ತಾಲ್ಲೂಕಿನ ನಲವತ್ತರಷ್ಟು ಹಳ್ಳಿಗಳು 2012ರಲ್ಲಿ ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ಆ ಠರಾವು ನೆನಪಿಸಿಕೊಂಡರು. ಒಂದು ಹಳ್ಳಿಯನ್ನೂ ಬಿಡುವುದಿಲ್ಲ ಎಂದು ಆಗ ಮಹಾರಾಷ್ಟ್ರದ ಉಪಮುಖ್ಯಮಂತ್ರಿಯಾಗಿದ್ದ ಫಡಣವೀಸರು ಈ ಕಡೆಯಿಂದ ಗುಡುಗಿದರು. ಎರಡೂ ರಾಜಧಾನಿಗಳಿಗೆ ಇಷ್ಟೊಂದು ಬೇಕಾದ ನಾವು, ಒಳಗಿನ ಅಂಚು ಸವೆದ ಟೈರು ಹಿಡಿದುಕೊಂಡು ಯಾರ ಬಾಗಿಲಿಗೆ ಹೋಗಬೇಕೆಂಬುದು ಮಾತ್ರ ಇತ್ಯರ್ಥವಾಗಿಲ್ಲ.

ರಸ್ತೆ ಕೆಟ್ಟದ್ದಿರಬಹುದು. ಆದರೆ ಮುಂದಿನ ಎರಡೂ ಟೈರುಗಳ ಒಳಮಗ್ಗುಲನ್ನೇ ಹುಡುಕಿ ಹುಡುಕಿ ತಿನ್ನುವಷ್ಟು ಕಲಿತ ರಸ್ತೆ ಎರಡೂ ರಾಜ್ಯಗಳಲ್ಲಿಲ್ಲ.

ಆಗುವುದು ಇಷ್ಟೇ. ಕಾರಿನ ಮುಂದಿನ ಗಾಲಿ ಕೆಳಗೊಂದು ತೋಳಿಗೆ, ಮೇಲೆ ಶಾಕ್ ಅಬ್ಸಾರ್ಬರಿನ ಕಂಬಕ್ಕೆ ಕಟ್ಟಿಕೊಂಡಿರುತ್ತದೆ. ಗಾಡಿ ಇಳಿಸಿದರೆ ತೋಳಿನ ಕೋನ ಬದಲಾಗಿ ಗಾಲಿಯ ನೆತ್ತಿ ಒಳಕ್ಕೆ ವಾಲುತ್ತದೆ. ಇದು ಕ್ಯಾಂಬರ್. ಎದುರಿಗೆ ನಿಂತರೆ ಕಾಣುತ್ತದೆ, ಫೋಟೊದಲ್ಲೂ ಬೀಳುತ್ತದೆ. ಹಾಗಾಗಿ ಟೈರು ತಿಂದ ಅಪವಾದವೆಲ್ಲ ಇದರ ಮೇಲೆಯೇ. ನಿಜವಾದ ಕಳ್ಳ ಪಕ್ಕದಲ್ಲಿ ಸಂಭಾವಿತನಂತೆ ನಿಂತಿದ್ದಾನೆ. ಅವನ ಹೆಸರು ಟೋ. ಸ್ಟೀರಿಂಗಿನಿಂದ ಗಾಲಿಗೆ ಬರುವ ಟೈ ರಾಡು ಒಂದು ಕಮಾನಿನಲ್ಲಿ ಆಡುತ್ತದೆ, ಕೆಳಗಿನ ತೋಳು ಇನ್ನೊಂದು ಕಮಾನಿನಲ್ಲಿ. ಕಂಪನಿಯ ಎತ್ತರದಲ್ಲಿ ಇವೆರಡಕ್ಕೂ ಒಪ್ಪಂದವಿತ್ತು. ಎರಡಿಂಚು ಇಳಿಸಿದ್ದೇ ತಡ, ಒಪ್ಪಂದ ಮುರಿದು ಟೈ ರಾಡು ಗಾಲಿಯನ್ನು ಪಕ್ಕಕ್ಕೆ ತಿರುಗಿಸುತ್ತದೆ. ಬಹಳ ಕಾರುಗಳಲ್ಲಿ ಗಾಲಿಯ ಮೂತಿ ಹೊರಕ್ಕೆ ಹೋಗುತ್ತದೆ. ಕಾರು ನೆಟ್ಟಗೆ ಓಡುತ್ತಿರುತ್ತದೆ, ಎರಡೂ ಗಾಲಿಗಳು ಬೇರೆ ಬೇರೆ ಊರಿಗೆ ಹೊರಟಿರುತ್ತವೆ.

ಎಷ್ಟು ತಿರುಗಿದರೆ ಎಷ್ಟು ನಷ್ಟ? ಶಾಲೆಯಲ್ಲಿ ಕಲಿತು ಮರೆತ ಸೈನ್ ಕೋಷ್ಟಕವನ್ನು ಒಮ್ಮೆ ತೆಗೆಯಿರಿ. ಗಾಲಿ ಬರೇ ಅರ್ಧ ಡಿಗ್ರಿ ಓರೆಯಾದರೆ ಒಂದು ಕಿಲೋಮೀಟರಿಗೆ ಅದು ಹತ್ತಿರಹತ್ತಿರ 8.7 ಮೀಟರು ಅಡ್ಡಡ್ಡ ಎಳೆಸಿಕೊಳ್ಳುತ್ತದೆ. ಜತ್‌ನಿಂದ ವಿಜಯಪುರಕ್ಕೆ ಅರವತ್ತು ಕಿಲೋಮೀಟರಿನ ಆಸುಪಾಸು. ಗೋಳಗುಮ್ಮಟ ಕಾಣಿಸುವ ಹೊತ್ತಿಗೆ ಒಂದೊಂದು ಮುಂಗಾಲಿಯೂ ಅರ್ಧ ಕಿಲೋಮೀಟರಿನಷ್ಟು ದೂರವನ್ನು ಉರುಳದೆ, ಬರೇ ಉಜ್ಜಿಕೊಂಡು ಕಳೆದಿರುತ್ತದೆ. ಇದಕ್ಕೆ ಕ್ಯಾಂಬರಿನ ವಾಲು ಕೂಡಿದರೆ ಆ ಉಜ್ಜಾಟವೆಲ್ಲ ಒಳಗಿನ ಎರಡು ಬೆರಳಿನ ಮೇಲೆ. ಕ್ಯಾಂಬರ್ ಒಂದೇ ಆಗಿದ್ದರೆ ಅಂಚು ನುಣ್ಣಗೆ, ನಿಧಾನವಾಗಿ ಸವೆಯುತ್ತಿತ್ತು. ಟೋ ಕೆಟ್ಟಿದ್ದರೆ ಟೈರಿನ ಮೇಲೆ ಅಡ್ಡಲಾಗಿ ಕೈಯಾಡಿಸಿದಾಗ ಒಂದು ಕಡೆಯಿಂದ ನುಣುಪು, ವಾಪಸು ಬರುವಾಗ ಗರಗಸದ ಹಲ್ಲು. ಅಂಗೈಯಲ್ಲೇ ಮುಗಿಯುವ ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಅದಕ್ಕೇ ಯಾರೂ ಮಾಡುವುದಿಲ್ಲ.

ಇವರ ಅಪ್ಪಂದಿರು ಹೀಗಿರಲಿಲ್ಲ. ಜತ್‌ನ ಯಲ್ಲಮ್ಮನ ಜಾತ್ರೆಯಲ್ಲಿ ಖಿಲಾರಿ ಜೋಡಿ ಕೊಳ್ಳಲು ಹೋದವ ಮೊದಲು ಎತ್ತಿನ ಕೊಂಬು ಹೊಗಳುತ್ತಾನೆ, ಅದು ಮಾರುವವನ ಸಮಾಧಾನಕ್ಕೆ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಗೊರಸು ಎತ್ತಿ ನೋಡುತ್ತಾನೆ. ನಾಲು ಒಂದು ಮಗ್ಗುಲಿಗೆ ಸವೆದಿದ್ದರೆ ಯಾವ ಕಾಲು ಓರೆ ಬೀಳುತ್ತದೆಂದು ಅಲ್ಲೇ ಹೇಳಿ, ಟಾವೆಲ್ಲಿನ ಕೆಳಗೆ ಹಿಡಿದ ಬೆರಳುಗಳಲ್ಲಿ ಎರಡು ಮಡಚುತ್ತಾನೆ. ಇನ್ನೂ ಓರೆಯಿದ್ದರೆ ಎದ್ದು ನಡೆಯುತ್ತಾನೆ. ಅವನ ಮಗ ಲಕ್ಷಗಟ್ಟಲೆ ಸಾಲ ಮಾಡಿ ತಂದ ಗಾಡಿಯ ನಾಲ್ಕು ಗೊರಸುಗಳನ್ನು ಒಮ್ಮೆಯೂ ಬಗ್ಗಿ ನೋಡಿದವನಲ್ಲ. ಪಾಪ, ಹೇಗೆ ಬಗ್ಗಿಯಾನು? ಗಾಡಿ ಆಗಲೇ ಅಷ್ಟು ಕೆಳಗೆ ಇದೆ.

ಮೂರನೆಯ ಜೋಡಿ ಟೈರು ಹೋದ ಮೇಲೆ ಯಾರೋ ಪುಣ್ಯಾತ್ಮ "ಅಲೈನ್‌ಮೆಂಟ್ ಮಾಡಸು" ಎನ್ನುತ್ತಾನೆ. ನಮ್ಮ ಹುಡುಗ ತಾಲ್ಲೂಕು ದಾಟಿ ದೊಡ್ಡ ಊರಿಗೆ, ಗಾಜಿನ ಬಾಗಿಲಿನ ಅಂಗಡಿಗೆ ಹೋಗುತ್ತಾನೆ. ನಾಲ್ಕೂ ಗಾಲಿಗೆ ಕನ್ನಡಿ ಸಿಕ್ಕಿಸುತ್ತಾರೆ, ಪರದೆಯ ಮೇಲೆ ಅಂಕಿಗಳು ಕೆಂಪಗೆ ಹತ್ತಿಕೊಳ್ಳುತ್ತವೆ. ಒಳಗಿನವ ಸ್ಪ್ಯಾನರ್ ತಿರುವುತ್ತಾನೆ. ಟೋ ಅಂಕಿ ಹಸಿರಾಗುತ್ತದೆ. ಕ್ಯಾಂಬರ್ ಅಂಕಿ ಕೆಂಪಾಗಿಯೇ ಉಳಿಯುತ್ತದೆ.

"ಇದು?"

"ಅದರಾಗ ಅಡ್ಜಸ್ಟ್ ಇಲ್ರೀ. ಕಂಪನಿ ಕೊಟ್ಟಿಲ್ಲ."

ಮಾತು ಸುಳ್ಳಲ್ಲ. ನಮ್ಮ ಸಣ್ಣ ಕಾರುಗಳಲ್ಲಿ ಕಂಪನಿ ಕೊಟ್ಟದ್ದು ಮುಂದಿನ ಟೋ ಒಂದನ್ನೇ. ಗ್ರೈಂಡರ್ ಹಿಡಿದವನೊಬ್ಬ ಮಧ್ಯೆ ಬರುತ್ತಾನೆಂದು ಕಂಪನಿಗೆ ಗೊತ್ತಿರಲಿಲ್ಲ. ಆದರೆ ಅಂಗಡಿಯವ ಹೇಳದೆ ಬಿಟ್ಟದ್ದೂ ಇದೆ. ಗಟ್ಟಿ ಸ್ಪ್ರಿಂಗಿನ ಹೊಡೆತಕ್ಕೆ ತೋಳಿನ ಬುಶ್ಶುಗಳು ಹರಿದಿವೆ, ಬಾಲ್ ಜಾಯಿಂಟು ಸಡಿಲಾಗಿದೆ, ಟೈ ರಾಡಿನ ತುದಿ ಕೈಯಲ್ಲಿ ಅಲುಗುತ್ತದೆ. ಇವನ್ನು ಬದಲಿಸದೆ ಮಾಡಿದ ಹಸಿರು ಅಂಕಿ ಅಂಗಡಿಯ ಮುಂದಿನ ಮೊದಲ ಗುಂಡಿಯವರೆಗೆ ಮಾತ್ರ ಹಸಿರು. ಪ್ರಿಂಟ್ ಔಟ್ ಕೈಗೆ ಬಂತು, ಮಡಚಿ ಡ್ಯಾಶ್‌ಬೋರ್ಡಿನಲ್ಲಿಟ್ಟಾಯಿತು. ಟೈರು ಓದು ಬರಹ ಬಲ್ಲದ್ದಲ್ಲ. ಮೊದಲಿನಂತೆಯೇ ಸವೆಯುತ್ತ ಹೋಗುತ್ತದೆ.

ಸರಿಯಾದ ದಾರಿ ಇಲ್ಲವೇ? ಇದೆ, ಅದೇನು ಗುಪ್ತವಿದ್ಯೆಯಲ್ಲ. ಕೊಯ್ದ ಸ್ಪ್ರಿಂಗು ಗುಜರಿಗೆ ಹಾಕಿ, ತಕ್ಕ ಶಾಕ್ ಅಬ್ಸಾರ್ಬರಿನ ಜತೆ ತಕ್ಕ ಸ್ಪ್ರಿಂಗು ಕೂಡಿಸಬೇಕು. ಬುಶ್ಶು ಹೊಸದು ಹಾಕಿದರೆ ಅದರ ಬೋಲ್ಟನ್ನು ಗಾಡಿ ತನ್ನ ಕಾಲ ಮೇಲೆ ನಿಂತಾಗಲೇ ಬಿಗಿಯಬೇಕು. ಗಾಲಿ ಜೋತು ಬಿದ್ದಾಗ ಬಿಗಿದರೆ ರಬ್ಬರು ಹಗಲೂ ರಾತ್ರಿ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಪ್ರಿಂಗು ಕೆಲ ದಿನ ಓಡಿ ಕೂತ ಮೇಲೆ, ದಿನಾ ಎಷ್ಟು ಭಾರ ಹೊರುತ್ತದೋ ಅಷ್ಟು ಭಾರದಲ್ಲಿ ನಾಲ್ಕೂ ಗಾಲಿಯ ಅಲೈನ್‌ಮೆಂಟ್. ಕ್ಯಾಂಬರ್ ಬಗ್ಗದಿದ್ದರೆ ಶಾಕ್ ಅಬ್ಸಾರ್ಬರಿನ ಬುಡದ ಎರಡು ಬೋಲ್ಟುಗಳಲ್ಲಿ ಒಂದನ್ನು ತೆಗೆದು, ಓರೆ ಗುಬುಟಿನ ಕ್ಯಾಂಬರ್ ಬೋಲ್ಟು ಹಾಕಿದರೆ ಒಂದು ಡಿಗ್ರಿಯ ಮೇಲೆ ವಾಪಸು ಬರುತ್ತದೆ. ಕ್ಯಾಂಬರ್ ಮುಟ್ಟಿದರೆ ಟೋ ಮತ್ತೆ ಕೆಡುತ್ತದೆ, ಹಾಗಾಗಿ ಟೋ ಕೊನೆಗೆ, ಸೊನ್ನೆಯ ಹತ್ತಿರಕ್ಕೆ. ಹಿಂದಿನ ಅಚ್ಚಿನಲ್ಲಿ ತಿರುವಲು ಬೋಲ್ಟೇ ಇಲ್ಲ. ಅಲ್ಲಿ ಓರೆಯಿದ್ದರೆ ತೆಳ್ಳನೆಯ ಶಿಮ್ಮು ಇಡಬೇಕು. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರು ಹಿಂದುಮುಂದು.

ಇದೆಲ್ಲ ಕೇಳಿ ಹುಡುಗ ಖರ್ಚು ಕೂಡಿಸಿದ. ಅದು ನಾಲ್ಕು ಹೊಸ ಟೈರಿನ ಬೆಲೆ ದಾಟಿತು. "ಬ್ಯಾಡ್ರೀ" ಎಂದ.

ಹಾಗಾದರೆ ಒಂದು ಬಡವರ ಉಪಾಯವೂ ಇದೆ. ಟೈರಿಗೆ ಇಂಥ ದಿಕ್ಕಿಗೇ ತಿರುಗಬೇಕೆಂಬ ಬಾಣದ ಗುರುತಿಲ್ಲದಿದ್ದರೆ, 'ಔಟ್‌ಸೈಡ್' ಎಂದು ಅಚ್ಚಾಗಿರದಿದ್ದರೆ, ತಂತಿ ಕಾಣುವ ಮೊದಲೇ ಅದನ್ನು ಡಿಸ್ಕಿನಿಂದ ಬಿಚ್ಚಿ ಮಗುಚಿ ಹಾಕುವುದು. ಸವೆದ ಒಳ ಅಂಚು ಹೊರಕ್ಕೆ ಬರುತ್ತದೆ, ಹೊಸದಾಗಿಯೇ ಉಳಿದ ಹೊರ ಅಂಚು ಒಳಗೆ ಹೋಗಿ ತನ್ನ ಪಾಳಿ ದುಡಿಯುತ್ತದೆ. ರೋಗ ವಾಸಿಯಾಗುವುದಿಲ್ಲ, ಆದರೆ ಕೊಟ್ಟ ದುಡ್ಡಿಗೆ ಟೈರು ಪೂರ್ತಿ ಸವೆಯುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಅರ್ಧ ತಾಸಿನ ಕೆಲಸ. ಇದಕ್ಕೆ ಹುಡುಗ ಕೊಟ್ಟ ಉತ್ತರವನ್ನು ಕೇಳಿದ ಮೇಲೆ ನಾನು ಈ ವಿಷಯದಲ್ಲಿ ಉಪದೇಶ ಮಾಡುವುದನ್ನು ಬಿಟ್ಟಿದ್ದೇನೆ.

"ಹೊರಗ ಬಂದ್ರ ಸವದದ್ದು ಮಂದಿಗಿ ಕಾಣತೈತಲ್ರೀ! ಒಳಗ ಇದ್ರ ಯಾರಿಗಿ ಕಾಣತೈತಿ?"

ಇದನ್ನು ತಪ್ಪೆನ್ನುವ ನೈತಿಕ ಹಕ್ಕು ನಮ್ಮಲ್ಲಿ ಎಷ್ಟು ಮಂದಿಗಿದೆಯೋ. ಊರ ಮುಂದೆ ಸಿಮೆಂಟಿನ ಕಮಾನು ಕಟ್ಟಿಸಿ ಒಳಗಿನ ನಳಕ್ಕೆ ನೀರು ಬಿಡದವರು, ಮದುವೆಯ ಪೆಂಡಾಲಿಗೆ ಎಕರೆ ಮಾರಿ ಸೊಸೈಟಿಯ ಸಾಲ ನವೀಕರಿಸುವವರು, ಎಲ್ಲರೂ ಹೊರ ಅಂಚು ಕಾಯುವವರೇ. ಹುಡುಗ ನಮ್ಮ ಪಾಠಶಾಲೆಯವನೇ. ಪಾಠವನ್ನು ರಬ್ಬರಿಗೆ ಹಚ್ಚಿದ, ಅಷ್ಟೆ.

ಕಾನೂನು ಎಲ್ಲಿದೆ ಎಂದು ಕೇಳುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಇದೆ: ಕಂಪನಿ ಮಾಡಿಕೊಟ್ಟ ಮೂಲ ವಿವರಕ್ಕೆ ಹೊರತಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿ ಅದಕ್ಕೆ ದರವನ್ನೂ ಗೊತ್ತು ಮಾಡಿತು. ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂಬ ನಿಯಮವೂ ಇದೆ. ಆದರೆ ನಾಕಾದಲ್ಲಿ ನಿಂತವರು ನೋಡುವುದು ಗಾಜಿನ ಕಪ್ಪು, ಸೀಟ್ ಬೆಲ್ಟು. ಟೈರು ನೋಡಿದರೂ ಹೊರಗಿನಿಂದ. ಹೊರಗಿನಿಂದ ಎಲ್ಲ ಕ್ಷೇಮ.

ಈ ಹುಚ್ಚು ನಮ್ಮದೊಂದೇ ಅಲ್ಲ ಎಂಬುದು ಸ್ವಲ್ಪ ಸಮಾಧಾನ. ಜಪಾನಿನಲ್ಲಿ ಗಾಲಿಗಳನ್ನು ಬೇಕೆಂದೇ ವಿಪರೀತ ವಾಲಿಸುವವರ ಒಂದು ಪಂಥವೇ ಇದೆ. ಟೈರು ಅವರಿಗೆ ಊದುಬತ್ತಿಯ ಖರ್ಚು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಮೈ ಗಾಲಿಯ ಡಿಸ್ಕಿನ ತಳಕ್ಕಿಂತ ಕೆಳಗೆ ಬರಕೂಡದೆಂದು 1958ರಲ್ಲಿ ಕಾನೂನು ಬಂತು. ಮರುವರ್ಷವೇ ಅಲ್ಲಿನ ಹುಡುಗರು ಹೈಡ್ರಾಲಿಕ್ ಪಂಪು ಕೂಡಿಸಿದರು: ಪೊಲೀಸರು ಕಂಡರೆ ಸ್ವಿಚ್ಚು ಒತ್ತಿ ಮೇಲಕ್ಕೆ, ಅವರು ದಾಟಿದರೆ ಕೆಳಕ್ಕೆ. ಇಂಥವರ ಮೆರವಣಿಗೆಗೆ ಅಲ್ಲಿನ ನಗರಗಳು ಹಾಕಿದ್ದ ನಿರ್ಬಂಧ ತೊಲಗಿದ್ದು ತೀರಾ ಈಚೆಗೆ, 2024ರ ಜನವರಿಯಿಂದ. ಅವರದು ಹೋರಾಟ, ಕಲೆ, ಸಮುದಾಯದ ಹೆಮ್ಮೆ; ಮೇಲೆತ್ತುವ ಸ್ವಿಚ್ಚನ್ನಾದರೂ ಇಟ್ಟುಕೊಂಡಿದ್ದರು. ನಮ್ಮವರ ಗಾಡಿಗೆ ಇಳಿಯುವುದು ಗೊತ್ತು, ಏರುವುದು ಗೊತ್ತಿಲ್ಲ.

ಆ ಏರುವ ಮಾತು ಬಂದದ್ದೇ ಹಂಪಿನಿಂದ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯ ಪ್ರಕಾರ ರಸ್ತೆ ಉಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರಬೇಕಿತ್ತು. ಅಂದರೆ ಗಾಡಿ ಏರಿ, ಸುಧಾರಿಸಿಕೊಂಡು, ಇಳಿಯಬೇಕು. ನಮ್ಮ ಕಡೆಯ ಒಂದೂರಿನಲ್ಲಿ ಮನೆ ಕಟ್ಟಿದವರು ಉಳಿದ ಕಾಂಕ್ರೀಟನ್ನು ಸಂಜೆಯ ಹೊತ್ತು ರಸ್ತೆಗೆ ಅಡ್ಡ ಸುರಿದು ಹಂಪು ಮಾಡಿದರು. ಎತ್ತರ ಅರ್ಧ ಗೇಣಿಗಿಂತ ತುಸು ಹೆಚ್ಚು, ಅಗಲ ಒಂದು ಮೊಳ. 163 ಮಿಲಿಮೀಟರಿನ ಗಾಡಿಗಳು ಮುಲುಗಿ ದಾಟುತ್ತವೆ. ಎರಡಿಂಚು ಕೊಯ್ಸಿಕೊಂಡ ನಮ್ಮ ಹುಡುಗನ 112 ಮಿಲಿಮೀಟರಿನ ಗಾಡಿ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗಿತು. ಕಬ್ಬು ಕಡಿಯಲು ಹೊರಟಿದ್ದ ಟೋಳಿಯವರು ಟೈರಗಾಡಿ ನಿಲ್ಲಿಸಿ ಎತ್ತಿ ಇಳಿಸಿದರು. ಟನ್ನುಗಟ್ಟಲೆ ಕಬ್ಬು ಹೊರುವ ಅವರ ಬಂಡಿಯ ಎರಡು ಟೈರುಗಳು ಎಡದಿಂದ ಬಲದವರೆಗೆ ಒಂದೇ ಸಮ ಸವೆದಿದ್ದವು. ಅಚ್ಚು ನೆಟ್ಟಗೆ, ಗಾಲಿ ನೆಟ್ಟಗೆ. ಅದಕ್ಕೆ ಫೋಟೊದ ಉಸಾಬರಿಯೇ ಇಲ್ಲ.

ಕಂಪನಿ ಸ್ಪ್ರಿಂಗು ವಾಪಸು ಹಾಕಿಸು ಎಂದರು ಎಲ್ಲರೂ. "ಎತ್ತಿದ್ರ ಮಂದಿ ಏನಂತಾರ?" ಎಂದ. ಮರುದಿನ ಆ ಊರಿನ ಪಂಚಾಯ್ತಿಗೆ ಅರ್ಜಿ ಒಯ್ದ: ಹಂಪು ಎರಡಿಂಚು ಕೆಳಗಿಳಿಸಬೇಕು.

ದಪ್ತರ ತಿರುವಿ ಹಾಕಿದ ಗ್ರಾಮಸೇವಕರು ಕನ್ನಡಕ ತೆಗೆದರು. "ನಮ್ಮ ದಪ್ತರದಾಗ ಹಂಪ ಇಲ್ಲಪಾ. ಇಲ್ಲದ ಹಂಪ ಹೆಂಗ ಇಳಸೂದು?"

"ರಸ್ತಾದ ಮ್ಯಾಲ ಐತಲ್ರೀ, ಬಂದ್ ನೋಡ್ರಿ!"

"ರಸ್ತಾದ ಮ್ಯಾಲ ಏನೇನರ ಇರತೈತಿ. ಮೊದಲ ಹಂಪ ಐತಿ ಅಂತ ಒಂದ್ ಠರಾವ ಆಗಬೇಕು. ಆಮ್ಯಾಲ ಇಳಸಬೇಕಂತ ಇನ್ನೊಂದು."

ಹುಡುಗ ಈಗ ಮೊದಲನೆಯ ಠರಾವಿಗೆ ಸಹಿ ಕೂಡಿಸುತ್ತಿದ್ದಾನೆ. ಮನೆಮನೆ ತಿರುಗಬೇಕು, ಹಂಪಿನ ಆಚೆಯ ಓಣಿಗೂ ಹೋಗಬೇಕು. ಅದಕ್ಕೆ ಅಪ್ಪನ ಮೋಟಾರ್ ಸೈಕಲ್ಲು ಇಸಿದುಕೊಂಡಿದ್ದಾನೆ.